ಹಿಂದಿನ ಸೀಟಿನವನ ಬಡ್ತಿ

ಬೆಂಗಳೂರಿನಲ್ಲಿ ಮನೆ ಬಿಟ್ಟು ಕೆಲಸದ ಜಾಗ ಸೇರುವಷ್ಟರಲ್ಲಿ ಯಾರದಾದರೂ ಒಂದು ಫಜೀತಿ ಕಣ್ಣಿಗೆ ಬೀಳದ ದಿನವಿಲ್ಲ. ಇಪ್ಪತ್ತು ವರ್ಷ ನಾನು ಬೇರೆಯವರ ಫಜೀತಿ ನೋಡಿ ನಕ್ಕವನು. ಈ ವರ್ಷ ನನ್ನ ಸರದಿ ಬಂತು. ಅದೂ ನಮ್ಮ ಸಿಟಿ ಬಸ್ಸುಗಳ ಹಾಗೆ. ಬರದಿದ್ದಾಗ ಒಂದೂ ಬರಲಿಲ್ಲ, ಬಂದಾಗ ಒಂದರ ಹಿಂದೆ ಒಂದು ಬಂದವು.

೧. ನನ್ನ ಹುದ್ದೆ

ನಾನು ಇರುವುದು ಆರ್.ಟಿ. ನಗರದಲ್ಲಿ. ಕೆಲಸ ದಾಸರಹಳ್ಳಿ ಪಕ್ಕದ ಒಂದು ಕಾರ್ಖಾನೆಯಲ್ಲಿ, ಇನ್‌ಸ್ಪೆಕ್ಷನ್ ವಿಭಾಗ. ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು. ಈ ಕೆಲಸಕ್ಕೆ ನಾನು ಹೇಳಿ ಮಾಡಿಸಿದವನು ಎಂದು ನನ್ನ ಹೆಂಡತಿಯೂ ಒಪ್ಪುತ್ತಾಳೆ. ನಾನು ಸಾರಿಗೆ ಉಪ್ಪು ಕಮ್ಮಿ ಅಂದಾಗಲೆಲ್ಲ ಒಪ್ಪುತ್ತಾಳೆ.

ಗಾಡಿ ಓಡಿಸಲು ನಾನು ಕಲಿಯಲೇ ಇಲ್ಲ. ಕಲಿಯುವ ಅಗತ್ಯ ಬೀಳಲಿಲ್ಲ. ನಮ್ಮ ಹಿಂದಿನ ರಸ್ತೆಯಲ್ಲೇ ನನ್ನ ಗೆಳೆಯನ ಮನೆ. ಅವನೂ ಅದೇ ಕಾರ್ಖಾನೆ, ಟೂಲ್ ರೂಮು. ಬೆಳಿಗ್ಗೆ ಅವನ ಬೈಕು ನಮ್ಮ ಗೇಟಿನ ಮುಂದೆ ನಿಂತು ಒಂದು ಹಾರ್ನ್ ಹೊಡೆಯುತ್ತಿತ್ತು, ನಾನು ಹೋಗಿ ಹಿಂದೆ ಕೂರುತ್ತಿದ್ದೆ. ಮೇಖ್ರಿ ಸರ್ಕಲ್, ಯಶವಂತಪುರ, ಗೊರಗುಂಟೆಪಾಳ್ಯ ದಾಟಿ ಕಾರ್ಖಾನೆ. ಸಂಜೆ ಅದೇ ದಾರಿಯಲ್ಲಿ ವಾಪಸ್ಸು.

ಹಿಂದೆ ಕೂರುವುದೆಂದರೆ ಅಕ್ಕಿ ಮೂಟೆಯ ಹಾಗೆ ಕೂರುವುದು ಎಂದು ಜನ ತಿಳಿದಿದ್ದಾರೆ. ಶುದ್ಧ ತಪ್ಪು. ಅದೊಂದು ಹುದ್ದೆ. ಹಳ್ಳ ಬಂದರೆ ಮೊದಲೇ "ಹಳ್ಳ!" ಎಂದು ಕೂಗಬೇಕು. ಹಂಪ್ ಬಂದರೆ ಸೀಟಿನಿಂದ ಒಂದಿಷ್ಟು ಮೇಲೇಳಬೇಕು. ತಿರುವಿನಲ್ಲಿ ಗಾಡಿ ಎಷ್ಟು ವಾಲುತ್ತದೋ ಅಷ್ಟೇ ವಾಲಬೇಕು. ಇಬ್ಬರ ಊಟದ ಬ್ಯಾಗನ್ನೂ ಸಾರು ಚೆಲ್ಲದ ಹಾಗೆ ಅಪ್ಪಿಕೊಂಡಿರಬೇಕು. ಇದರ ಜೊತೆಗೆ "ನಿಧಾನ ಕಣೋ", "ಬಸ್ ಬರ್ತಿದೆ ನೋಡೋ", "ಇಂಡಿಕೇಟರ್ ಆಫ್ ಮಾಡೋ" ಎಂಬ ನನ್ನ ಇನ್‌ಸ್ಪೆಕ್ಷನ್ ಬೇರೆ. ಗೆಳೆಯ ಯಾವಾಗಲೂ ಹೇಳುತ್ತಿದ್ದ: "ಗುರು, ಗಾಡಿ ಓಡಿಸ್ತಿರೋದು ನೀನೇ. ನಾನು ಸುಮ್ನೆ ಹ್ಯಾಂಡಲ್ ಹಿಡ್ಕೊಂಡಿದ್ದೀನಿ." ಅವನು ಕಿಚಾಯಿಸಲು ಹೇಳಿದ್ದನ್ನು ನಾನು ಪೂರ್ತಿ ನಂಬಿಬಿಟ್ಟಿದ್ದೆ.

ತುಮಕೂರು ರಸ್ತೆಯ ಲಾರಿಗಳ ನಡುವೆ ಒಂದು ದಿನವೂ ಬೀಳದ ಆ ಮಹಾನುಭಾವ, ಈ ಮಳೆಗಾಲದಲ್ಲಿ ತನ್ನ ಮನೆಯ ಬಚ್ಚಲಿನಲ್ಲಿ ಕಾಲು ಜಾರಿ ಬಿದ್ದ. ಬಲಗೈಯ ಮಣಿಕಟ್ಟು ಮುರಿಯಿತು. ಒಳಗೆ ಪ್ಲೇಟ್ ಹಾಕಿ ಹೊಲಿದರು. ಕೆಲಸಕ್ಕೆ ಹೋಗಬಹುದು, ಗಾಡಿ ಓಡಿಸುವುದನ್ನು ಮಾತ್ರ ಮರೆತುಬಿಡಿ ಎಂದರು ಡಾಕ್ಟರು.

ಅವನ ನಿವೃತ್ತಿಗೆ ಇನ್ನೂ ಎರಡು ವರ್ಷ ಇತ್ತು. ಆ ಕೈ ಇಟ್ಟುಕೊಂಡು ಎರಡು ಬಸ್ಸಿನ ನೂಕುನುಗ್ಗಲಿನಲ್ಲಿ ಅವನು ದಿನಾ ಹೋಗಿ ಬರುವ ಹಾಗಿರಲಿಲ್ಲ. ಬೈಕ್ ಟ್ಯಾಕ್ಸಿ ಮಾಡಿಕೋ ಎಂದರೆ, "ಮುಖ ಗೊತ್ತಿಲ್ದೇ ಇರೋನ ಬೆನ್ನು ನೋಡ್ಕೊಂಡು ನಾನು ಹೋಗಲ್ಲ" ಎಂದ. ದೀಪಾವಳಿವರೆಗೆ ರಜೆ ಹಾಕಿದ್ದ. ಅದು ಮುಗಿದ ಮೇಲೆ ರಾಜೀನಾಮೆ ಕೊಡುತ್ತೇನೆ ಎಂದು ಒಂದು ಸಂಜೆ ಕಾಫಿ ಕುಡಿಯುತ್ತಾ ತಣ್ಣಗೆ ಹೇಳಿದ. ಅವನಿಲ್ಲದೆ ಆ ಕಾರ್ಖಾನೆಯಲ್ಲಿ ನನಗೆ ಮಾತಾಡಲು ಇರುವುದು ಮೆಷೀನುಗಳು ಮಾತ್ರ.

"ನಾನೇ ಓಡಿಸ್ತೀನಿ, ನೀನು ಹಿಂದೆ ಕೂತ್ಕೋ" ಎಂದೆ. ಅವನು ಬಿದ್ದು ಬಿದ್ದು ನಕ್ಕ. ಅವನ ಹೆಂಡತಿ ನಗಲಿಲ್ಲ. ನಾನು ಆಕೆಯನ್ನು ಅತ್ತಿಗೆ ಎಂದೇ ಕರೆಯುವುದು. ಆಕೆ ಮಾತು ಕಮ್ಮಿ, ಆಡಿದ ಮೇಲೆ ಅಪೀಲು ಇಲ್ಲ.

"ನೋಡಿ, ಯಲಹಂಕದ ಆಚೆ ಬೈಕ್ ಓಡಿಸೋದನ್ನ ತಿದ್ದಿ ಹೇಳಿಕೊಡೋ ಕೋರ್ಸ್ ಇದ್ಯಂತೆ. ಅದಕ್ಕೆ ಸೇರ್ಕೊಳ್ಳಿ. ಅವರು ಹೂಂ ಅಂದ್ಮೇಲೆ ಇವರನ್ನ ನಿಮ್ಮ ಹಿಂದೆ ಕಳಿಸ್ತೀನಿ. ಬಚ್ಚಲಲ್ಲಿ ಬಿದ್ದಿದ್ದೇ ಸಾಕು, ಇನ್ನು ಬೀದೀಲಿ ಬೇರೆ ಬೀಳೋದು ಬೇಡ."

೨. ಇಪ್ಪತ್ತು ವರ್ಷದ ಅನುಭವ

ಕೋರ್ಸು ನಡೆಯುವುದು ಭಾನುವಾರ ಬೆಳಿಗ್ಗೆ, ಸೈಟು ಗುರುತು ಮಾಡಿ ಇನ್ನೂ ಮನೆ ಏಳದ ಒಂದು ಲೇಔಟಿನಲ್ಲಿ. ಜಾಗ ಹಳೆಯ ಊರಿನ ಒಬ್ಬ ಗೌಡರದು. ಒಂದು ಕಾಲಕ್ಕೆ ಅಲ್ಲಿ ಅವರ ದ್ರಾಕ್ಷಿ ತೋಟ ಇತ್ತು, ಈಗ ಟಾರು ರಸ್ತೆ, ಚರಂಡಿ, ಕಲ್ಲಿನ ಮೇಲೆ ಸೈಟ್ ನಂಬರು. ಗೌಡರು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಕಾಫಿ ಲೋಟ ಹಿಡಿದು, ಕಲಿಯಲು ಬಂದವರು ಒದ್ದಾಡುವುದನ್ನು ಸಿನಿಮಾ ನೋಡಿದ ಹಾಗೆ ನೋಡುತ್ತಾ ಕೂತಿರುತ್ತಾರೆ.

ಹೇಳಿಕೊಡುವವರು ಒಬ್ಬ ಹೆಣ್ಣುಮಗಳು. ಮೊಣಕಾಲಿಗೆ ಗಾರ್ಡು, ಕೈಗೆ ಗ್ಲೌಸು, ಮೈಕ್ ಬೇಡದ ಗಂಟಲು. ಎಲ್ಲರೂ ಕೋಚ್ ಮೇಡಂ ಎನ್ನುತ್ತಿದ್ದರು, ನಾನೂ ಅಂದೆ.

"ಎಷ್ಟು ವರ್ಷದಿಂದ ರೋಡ್ ಮೇಲಿದ್ದೀರ ಸಾರ್?"

"ಇಪ್ಪತ್ತು ವರ್ಷ. ದಿನಾ. ತುಮಕೂರು ರೋಡು" ಎಂದೆ. ಒಂದಕ್ಷರ ಸುಳ್ಳಿಲ್ಲ.

"ಓ, ಸೂಪರ್! ಹಂಗಾದ್ರೆ ಗಾಡಿ ಹತ್ತಿ ಸಾರ್, ಒಂದು ರೌಂಡ್ ತೋರ್ಸಿ."

ಸುತ್ತ ನಿಂತಿದ್ದ ಹುಡುಗ ಹುಡುಗಿಯರು ಹಿರಿಯರಿಗೆ ಮರ್ಯಾದೆಯಿಂದ ದಾರಿ ಬಿಟ್ಟರು. ನಾನು ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿದು, ಗಾಡಿಗೆ ಕೈಮುಗಿದು, ಕಾಲೆತ್ತಿ ಹಾಕಿ ಕೂತೆ. ಬೆನ್ನು ನೆಟ್ಟಗೆ ಮಾಡಿಕೊಂಡೆ. ಗಾಡಿ ಹೊರಡಲಿ ಎಂದು ಕಾದೆ. ಹೊರಡಲಿಲ್ಲ. ಇವರೆಲ್ಲ ಯಾತಕ್ಕೆ ಹೀಗೆ ನೋಡುತ್ತಿದ್ದಾರೆ ಎಂದು ಯೋಚಿಸುತ್ತಾ ಮುಂದೆ ನೋಡಿದರೆ, ನನಗೂ ಹ್ಯಾಂಡಲ್ಲಿಗೂ ನಡುವೆ ಒಂದು ಇಡೀ ಸೀಟು ಖಾಲಿ ಇತ್ತು.

ಗೌಡರು ಕುರ್ಚಿಯಿಂದಲೇ ಕೂಗಿದರು: "ಅದ್ಯಾಕ್ ಸಾಮಿ ಇಂದಕ್ ಕುಂತ್ಕಂಡ್ರಿ? ಡ್ರೈವರ್ ಬರಾದ್ ಐತಾ?"

ಕೋಚ್ ಮೇಡಂ ನಗಲಿಲ್ಲ, ಆದರೆ ಅವರ ಭುಜ ಕುಣಿಯುತ್ತಿತ್ತು. ನನ್ನನ್ನು ಪಕ್ಕಕ್ಕೆ ಕರೆದು ಸಮಾಧಾನವಾಗಿ ಹೇಳಿದರು. "ಸಾರ್, ಇದು ಗಾಡಿ ಓಡಿಸೋಕೆ ಬರೋರನ್ನ ತಿದ್ದೋ ಕೋರ್ಸು. ಓಡಿಸೋದನ್ನೇ ಕಲಿಯೋದಲ್ಲ. ಮೊದ್ಲು ಲೈಸೆನ್ಸ್ ಮಾಡಿಸ್ಕೊಳ್ಳಿ, ಖಾಲಿ ರೋಡಲ್ಲಿ ಓಡಿಸಿ. ಎಂಜಿನ್ ಆಫ್ ಆಗದೇ ಗಾಡಿ ಎತ್ತೋಕೆ ಬರ್ಬೇಕು. ನಿಲ್ಲಿಸ್ಬೇಕು ಅಂದ್ಕೊಂಡ ಜಾಗದಲ್ಲೇ ನಿಲ್ಬೇಕು. ನೆಲ ನೋಡ್ದೇ ದೂರ ನೋಡ್ಬೇಕು. ಇಷ್ಟು ಬಂದ್ರೆ ನೀವು ರೆಡಿ."

"ಎಷ್ಟು ದಿನ ಬೇಕಾಗುತ್ತೆ ಮೇಡಂ?"

"ದಿನದ ಲೆಕ್ಕ ಇಲ್ಲ ಸಾರ್. ಕ್ಲಚ್ ಎಲ್ಲಿದೆ, ಗೇರ್ ಎಲ್ಲಿದೆ ಅಂತ ಯೋಚನೆ ಮಾಡೋದು ನಿಂತು, ರೋಡಲ್ಲಿ ಏನಾಗ್ತಿದೆ ಅಂತ ಯೋಚನೆ ಮಾಡೋಕೆ ಶುರು ಮಾಡ್ತೀರಲ್ಲ, ಆವತ್ತು ಬನ್ನಿ."

ಮನೆಗೆ ಬರುವಷ್ಟರಲ್ಲಿ ಅತ್ತಿಗೆ ನಮ್ಮ ಗೇಟಿನಲ್ಲೇ ನಿಂತಿದ್ದರು. "ಏನಂದ್ರು?" ಎಂದು ಕೇಳಿದರು.

"ಕೂರೋದು ಚೆನ್ನಾಗಿದೆಯಂತೆ" ಎಂದೆ.

೩. ನೋಡಿದ ಕಡೆಗೆ

ಎಲ್‌ಎಲ್‌ಆರ್ ಮಾಡಿಸಿಕೊಂಡೆ. ಗೆಳೆಯನೇ ಗುರುವಾದ. ಬೆಳಿಗ್ಗೆ ಹಾಲಿನವರು ಓಡಾಡುವ ಹೊತ್ತಿಗೆ, ನಮ್ಮ ಪಾರ್ಕಿನ ಪಕ್ಕದ ರಸ್ತೆಯಲ್ಲಿ, ಅವನು ಬಲಗೈಯನ್ನು ಕುತ್ತಿಗೆಯ ಪಟ್ಟಿಗೆ ನೇತುಹಾಕಿಕೊಂಡು ಪಕ್ಕದಲ್ಲಿ ನಡೆಯುವುದು, ನಾನು ಅವನಿಗಿಂತ ನಿಧಾನವಾಗಿ ಗಾಡಿ ಓಡಿಸುವುದು. ವಾಕಿಂಗಿಗೆ ಬಂದ ಹೆಂಗಸರು ಗಾಡಿಯನ್ನು ಓವರ್‌ಟೇಕ್ ಮಾಡಿ ಹೋಗುತ್ತಿದ್ದರು.

ನಾಲ್ಕು ದಿನದಲ್ಲಿ ಸ್ವಲ್ಪ ಧೈರ್ಯ ಬಂತು, ಸ್ವಲ್ಪ ವೇಗ ಬಂತು. ಆಗ ಶುರುವಾಯಿತು ಹೊಸ ಕಾಯಿಲೆ. ಆ ರಸ್ತೆಯಲ್ಲಿ ಎಷ್ಟು ಹಳ್ಳಗಳಿವೆಯೋ ಅಷ್ಟಕ್ಕೂ ನಾನು ಗಾಡಿ ಇಳಿಸುತ್ತಿದ್ದೆ. ಒಂದನ್ನೂ ಬಿಡುತ್ತಿರಲಿಲ್ಲ. ಇಳಿಸುವ ಮೊದಲು "ಹಳ್ಳ!" ಎಂದು ಜೋರಾಗಿ ಕೂಗುತ್ತಲೂ ಇದ್ದೆ.

"ಹಳ್ಳ ಇದೆ ಅಂತ ಯಾರಿಗೆ ಹೇಳ್ತಿದ್ದೀಯೋ?" ಎಂದು ಗೆಳೆಯ ತಲೆ ಚಚ್ಚಿಕೊಂಡ. "ನೋಡಿದ್ಮೇಲೆ ತಪ್ಪಿಸೋ!"

"ನೋಡೋನು ನಾನು, ತಪ್ಪಿಸೋನು ನೀನು. ಇಷ್ಟು ವರ್ಷ ಹಂಗೇ ತಾನೇ ಮಾಡಿದ್ದು?"

ತಪ್ಪು ಎಲ್ಲಿದೆ ಎಂದು ಆಮೇಲೆ ಗೊತ್ತಾಯಿತು. ನನ್ನ ಕಣ್ಣಿಗೆ ಹಳ್ಳ ಹುಡುಕಿ ಅಭ್ಯಾಸ. ಹುಡುಕಿದ ಮೇಲೆ ಅದನ್ನೇ ನೋಡುತ್ತಾ ಇರುತ್ತಿದ್ದೆ. ಗಾಡಿಗೆ ಒಂದು ಕೆಟ್ಟ ಗುಣ, ಓಡಿಸುವವನು ಯಾವುದನ್ನು ನೋಡುತ್ತಾನೋ ಅಲ್ಲಿಗೇ ಹೋಗುತ್ತದೆ. "ಹಳ್ಳ ನೋಡ್ಬೇಡ, ಹಳ್ಳದ ಪಕ್ಕದ ಜಾಗ ನೋಡು. ಎಲ್ಲಿಗೆ ಹೋಗ್ಬೇಕೋ ಅಲ್ಲಿ ಕಣ್ಣಿಡು. ದೂರ!" ಎಂದು ಗೆಳೆಯ ಕೂಗಿದ.

ದೂರ ನೋಡಿದೆ. ರಸ್ತೆಯ ಕೊನೆಯಲ್ಲಿ ಒಬ್ಬ ಎಳನೀರಿನವನು ಗಾಡಿ ನಿಲ್ಲಿಸಿಕೊಂಡು ಕಾಯಿ ಜೋಡಿಸುತ್ತಿದ್ದ. ಅವನಿಗೆ ಗುದ್ದಬಾರದು ಎಂದುಕೊಂಡೆ. ಗುದ್ದಬಾರದು ಎಂದರೆ ಅವನ ಮೇಲೆ ಒಂದು ಕಣ್ಣಿಟ್ಟಿರಬೇಕು ತಾನೇ? ಇಟ್ಟೆ. ಗಾಡಿ ಹಳ್ಳಗಳನ್ನೆಲ್ಲ ಚೆನ್ನಾಗಿ ತಪ್ಪಿಸಿಕೊಂಡು ದಾರ ಕಟ್ಟಿ ಎಳೆದ ಹಾಗೆ ನೇರ ಅವನ ಬಳಿಗೆ ಹೊರಟಿತು. ಗೆಳೆಯ ಹಿಂದೆ "ಬ್ರೇಕ್! ಬ್ರೇಕ್!" ಎನ್ನುತ್ತಾ ಓಡಿ ಬರುತ್ತಿದ್ದ. ಸಿಕ್ಕಿದ್ದನ್ನೆಲ್ಲ ಹಿಡಿದೆ, ತುಳಿದೆ. ಮುಂದಿನ ಚಕ್ರ ಅವನ ಎಳನೀರಿನ ರಾಶಿಗೆ ಮೆತ್ತಗೆ ಮುತ್ತು ಕೊಟ್ಟು ನಿಂತಿತು. ಒಂದು ಕಾಯಿ ಉರುಳಿ ನನ್ನ ಕಾಲ ಬಳಿ ಬಂತು.

ಅವನು ಬಗ್ಗಿ ಅದನ್ನು ಎತ್ತಿಕೊಂಡ, ಮಚ್ಚು ತೆಗೆದ, ನನ್ನ ಮುಖ ನೋಡಿ ನಿರಾಳವಾಗಿ ಕೇಳಿದ:

"ಬರೀ ನೀರಾ ಸಾರ್, ಗಂಜಿ ಇರೋದಾ?"

೪. ನಿಂಬೆಹಣ್ಣಿನ ಪಾಠ

ಕಣ್ಣು ತಹಬಂದಿಗೆ ಬಂತು. ಕ್ಲಚ್ಚು ಬರಲಿಲ್ಲ. ಬಿಟ್ಟರೆ ಗಾಡಿ ಕಪ್ಪೆಯ ಹಾಗೆ ನೆಗೆದು ಆಫ್ ಆಗುತ್ತಿತ್ತು. ಹೀಗಿರುವಾಗ ಆಯುಧಪೂಜೆ ಬಂತು.

ಗೆಳೆಯನ ಮನೆ ಮುಂದೆ ಗಾಡಿ ತೊಳೆದು, ಚೆಂಡುಹೂವು ಕಟ್ಟಿ, ಕುಂಕುಮ ಇಟ್ಟು, ಬೂದುಗುಂಬಳ ಒಡೆದು, ಎರಡು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟರು. ಹಣ್ಣಿನ ಮೇಲೆ ಗಾಡಿ ಹತ್ತಿಸಿ ಅಪ್ಪಚ್ಚಿ ಮಾಡುವುದು ಪ್ರತಿ ವರ್ಷ ಗೆಳೆಯನ ಕೆಲಸ. ಅವನ ಕೈ ನೋಡಿ ಅತ್ತಿಗೆ ನನ್ನ ಕಡೆ ತಿರುಗಿದರು. "ಮುಂದೆ ಓಡಿಸೋರು ನೀವೇ ತಾನೇ? ನೀವೇ ಹತ್ತಿಸಿ."

ಅಕ್ಕಪಕ್ಕದ ಮನೆಯವರೆಲ್ಲ ಬಾಗಿಲಿಗೆ ಬಂದರು. ನಾನು ಕೂತೆ, ಮುಂದಿನ ಸೀಟಿನಲ್ಲೇ ಕೂತೆ. ಗೇರ್ ಹಾಕಿ ಕ್ಲಚ್ ಬಿಟ್ಟೆ. ಗಾಡಿ ನೆಗೆಯಿತು. ಮುಂದಿನ ನಿಂಬೆಹಣ್ಣು ಪುಟಿದು ಎದುರು ಮನೆಯ ಕಾಂಪೌಂಡ್ ದಾಟಿತು. ಹಿಂದಿನದು ಹಿಂದಕ್ಕೆ ಚಿಮ್ಮಿ ಮಂಗಳಾರತಿ ತಟ್ಟೆಗೆ ಬಿತ್ತು. ಗಾಡಿ ಆಫ್.

"ಹಣ್ಣು ಒಡೀಲಿಲ್ಲ, ಒಳ್ಳೇದಲ್ಲ" ಎಂದರು ಪಕ್ಕದ ಮನೆಯ ಅಜ್ಜಿ.

ಇನ್ನೆರಡು ಇಟ್ಟರು. ಅವು ಚರಂಡಿ ಸೇರಿದವು. ಇನ್ನೆರಡು ಇಟ್ಟರು. ಈ ಸಲ ಗಾಡಿ ಹಣ್ಣಿನ ಮೇಲೆ ಅರ್ಧ ಏರಿ, ಯೋಚನೆ ಮಾಡಿ, ವಾಪಸ್ಸು ಇಳಿದು ಆಫ್ ಆಯಿತು. ನನ್ನ ಬೆನ್ನೆಲ್ಲ ಬೆವರು. ಅತ್ತಿಗೆ ಹೂವಿನ ಬುಟ್ಟಿ ಹಿಡಿದು ಸುಮ್ಮನೆ ನನ್ನ ಕೈಯನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಗಂಡನ ರಾಜೀನಾಮೆ ನನಗೆ ಕಾಣುತ್ತಿತ್ತು.

ಆಗ ಗೆಳೆಯ ಹತ್ತಿರ ಬಂದು ಕಿವಿಯಲ್ಲಿ ಹೇಳಿದ: "ಒಡೀಬೇಕು ಅಂದ್ಕೋಬೇಡ ಕಣೋ. ಹಣ್ಣಿಗೆ ನೋವಾಗ್ದಂಗೆ ಹತ್ತಿಸ್ತೀನಿ ಅಂದ್ಕೋ. ಕ್ಲಚ್ಚನ್ನ ಕೂದಲೆಳೆಯಷ್ಟು ಬಿಡು. ಗಾಡಿ ಸ್ವಲ್ಪ ಉಸಿರು ಬಿಟ್ಟಂಗಾಗುತ್ತೆ. ಅಲ್ಲೇ ಹಿಡ್ಕೋ."

ಹಾಗೇ ಮಾಡಿದೆ. ಗಾಡಿ ನಿಜವಾಗಿಯೂ ಉಸಿರು ಬಿಟ್ಟಿತು. ನಿಂಬೆಹಣ್ಣು ಚಕ್ರದಡಿ ಚಪ್ಪಟೆಯಾಗುತ್ತಾ, ರಸ ಬಿಡುತ್ತಾ, ಜಾಗ ಬಿಟ್ಟು ಕದಲದೆ ಅಪ್ಪಚ್ಚಿಯಾಯಿತು. ಹಿಂದಿನದೂ ಅಷ್ಟೇ. ಗಾಡಿ ಆಫ್ ಆಗಲಿಲ್ಲ. ಬೀದಿಯವರು ಚಪ್ಪಾಳೆ ತಟ್ಟಿದರು. ನನಗೆ ಖುಷಿ ತಡೆಯಲಾಗಲಿಲ್ಲ. ಸಿಕ್ಕಿದ ಗುಟ್ಟು ಮರೆತುಹೋದೀತು ಎಂದು, "ಇನ್ನೆರಡು ಇಡಿ, ಇನ್ನೆರಡು ಇಡಿ" ಎನ್ನುತ್ತಾ ಹಿಂದೆ ಮುಂದೆ ಹೋಗಿ ಮನೆಯಲ್ಲಿದ್ದ ಹಣ್ಣನ್ನೆಲ್ಲ ಹತ್ತಿಸಿದೆ.

ಆ ಮಧ್ಯಾಹ್ನ ಹಬ್ಬದ ಊಟಕ್ಕೆ ಎಲ್ಲರೂ ಕೂತಾಗ ಬಡಿಸಿದ ಚಿತ್ರಾನ್ನದಲ್ಲಿ ಹುಳಿಯೇ ಇರಲಿಲ್ಲ. ಯಾರೋ ಕೇಳಿಯೇಬಿಟ್ಟರು. ಅತ್ತಿಗೆ ನನ್ನ ಕಡೆ ನೋಡದೆ ಹೇಳಿದರು:

"ಹುಳಿ ರೋಡ್ ಮೇಲಿದೆ. ಬೇಕಾದೋರು ಅನ್ನ ತಗೊಂಡು ಹೋಗಿ ಒರೆಸ್ಕೊಂಡು ಬನ್ನಿ."

೫. ಎಂಟು

ಲೈಸೆನ್ಸಿನ ಪರೀಕ್ಷೆಗೆ ನೆಲದ ಮೇಲೆ ದೊಡ್ಡದಾಗಿ ಎಂಟು ಬರೆದಿದ್ದರು. ಅದರ ಮೇಲೆ ಕಾಲು ಊರದೆ ಗಾಡಿ ತಿರುಗಿಸಬೇಕು. ಇನ್‌ಸ್ಪೆಕ್ಟರು ನೆರಳಲ್ಲಿ ನಿಂತಿದ್ದರು. ನನ್ನ ಮುಂದಿದ್ದ ಕಾಲೇಜು ಹುಡುಗ ಸುರ್ರನೆ ಹೋಗಿ ನಡುವೆ ಕಾಲು ಊರಿ ಬೈಸಿಕೊಂಡ. ಅದನ್ನು ನೋಡಿ ನಾನು, ಏನೇ ಆಗಲಿ ಕಾಲು ಕೆಳಗಿಡುವುದಿಲ್ಲ ಎಂದು ಶಪಥ ಮಾಡಿದೆ.

ಹೊರಟೆ. ನಿಂಬೆಹಣ್ಣಿನ ಕ್ಲಚ್ಚು, ದೂರದ ಕಣ್ಣು. ಎಂಟು ಬಂದೇಬಿಟ್ಟಿತು! ನಂಬಲಿಕ್ಕಾಗಲಿಲ್ಲ. ಇನ್ನೊಂದು ಸುತ್ತು ಹೋಗಿ ಖಾತ್ರಿ ಮಾಡಿಕೊಂಡೆ. ಅದೂ ಬಂತು. ಈಗ ನಿಲ್ಲಿಸಬೇಕು. ನಿಲ್ಲಿಸಬೇಕಾದರೆ ಕಾಲು ಊರಬೇಕು. ಕಾಲು ಊರಿದರೆ ಫೇಲು. ಈ ಗಂಟು ಬಿಡಿಸಲು ಗೊತ್ತಾಗದೆ ತಿರುಗುತ್ತಲೇ ಇದ್ದೆ. ಸಾಲಿನಲ್ಲಿ ನಿಂತಿದ್ದವರು ಮೊದಲು ಮೆಚ್ಚಿಕೊಂಡು ನೋಡಿದರು, ಆಮೇಲೆ ವಾಚ್ ನೋಡಿಕೊಂಡರು.

ಕೊನೆಗೆ ಇನ್‌ಸ್ಪೆಕ್ಟರು ನೆರಳು ಬಿಟ್ಟು ಬಂದು, ಎಂಟಿನ ಮಧ್ಯಕ್ಕೆ ನಿಂತು ಕೈ ಮುಗಿದರು. "ಪಾಸ್ ಮಾಡಿ ಆಗ್ಲೇ ಹೊತ್ತಾಯ್ತು ಸಾರ್. ದಯವಿಟ್ಟು ಮನೆಗೆ ಹೋಗಿ."

೬. ಯಾರು ರೆಡಿ

ದೀಪಾವಳಿ ಹತ್ತಿರ ಬಂತು. ಗೆಳೆಯನ ಕೈಪಟ್ಟಿ ಬಿಚ್ಚಿದ್ದರು, ಆದರೆ ಹ್ಯಾಂಡಲ್ ಹಿಡಿಯುವ ಹಾಗಿರಲಿಲ್ಲ. ಮೂವರೂ ಯಲಹಂಕದ ಆಚೆಯ ಲೇಔಟಿಗೆ ಹೋದೆವು. ಗೌಡರು ನನ್ನನ್ನು ಗುರುತು ಹಿಡಿದು, "ಓ, ಡ್ರೈವರ್ ಸಿಕ್ಕುದ್ರಾ?" ಎಂದು ಕೇಳಿ ಅತ್ತಿಗೆಗೂ ಒಂದು ಕುರ್ಚಿ ತರಿಸಿದರು.

ಕೋಚ್ ಮೇಡಂ ಒಂದು ಸುತ್ತು ಹೋಗಲು ಹೇಳಿದರು. ಗಾಡಿ ಎತ್ತಿದೆ, ಆಫ್ ಆಗಲಿಲ್ಲ. ಸಾಲಾಗಿಟ್ಟ ಪ್ಲಾಸ್ಟಿಕ್ ಕೋನುಗಳ ನಡುವೆ ತಿರುಗಿಸಿದೆ, ಒಂದೂ ಬೀಳಲಿಲ್ಲ. ಗೆರೆಯ ಮೇಲೆ ನಿಲ್ಲಿಸಿ ಅಂದರು, ಗೆರೆಯ ಮೇಲೇ ನಿಲ್ಲಿಸಿದೆ. ಅವರು ಮೆಚ್ಚಿ ತಲೆಯಾಡಿಸುತ್ತಿದ್ದಾಗ ಅತ್ತಿಗೆ ಕುರ್ಚಿಯಿಂದ ಎದ್ದರು.

"ಇವರೊಬ್ರೇ ಓಡಿಸೋದು ನೋಡೋಕೆ ನಾನ್ಯಾಕೆ ಇಷ್ಟು ದೂರ ಬರ್ಲಿ? ನಮ್ಮನೆಯವರನ್ನ ಕೂರಿಸ್ಕೊಂಡು ತೋರಿಸ್ಲಿ."

ಗೆಳೆಯ ಜೀವಮಾನದಲ್ಲಿ ಮೊದಲ ಸಲ ಹಿಂದಿನ ಸೀಟು ಹತ್ತಿದ. ಹತ್ತುವಾಗಲೇ ಮೊಣಕಾಲಿನಿಂದ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟ. ಗಾಡಿ ಹೊರಟಿತು. ಹೊರಟ ಕೂಡಲೇ ಅವನ ಬಲಗಾಲು ಬ್ರೇಕು ಹುಡುಕಿಕೊಂಡು ಬಂದು ನನ್ನ ಹಿಮ್ಮಡಿ ತುಳಿಯಿತು. "ಗೇರ್ ಬದ್ಲಾಯ್ಸೋ... ಕ್ಲಚ್, ಕ್ಲಚ್... ಏಯ್ ಏನ್ ಮಾಡ್ತಿದ್ದೀಯ!" ತಿರುವಿನಲ್ಲಿ ನಾನು ಎಡಕ್ಕೆ ವಾಲಿದೆ. ಗಾಡಿ ಬಿದ್ದೇಹೋಯಿತು ಎಂದುಕೊಂಡು ಅವನು ನಮ್ಮಿಬ್ಬರ ಪ್ರಾಣ ಉಳಿಸಲು ಬಲಕ್ಕೆ ವಾಲಿದ. ಎಡವೂ ಬಲವೂ ಕೂಡಿ ಗಾಡಿ ನೇರವಾಗಿ ಹೊರಟಿತು. ನೇರದಲ್ಲಿ ಗೌಡರಿದ್ದರು. ಅವರು ಲೋಟದ ಕಾಫಿ ತುಳುಕಿಸದೆ ಎದ್ದು, ಒಂದು ಕೈಯಲ್ಲಿ ಕುರ್ಚಿ ಎತ್ತಿಕೊಂಡು ಪಕ್ಕಕ್ಕೆ ಸರಿದು, "ಓ ಓ, ಓಗಿ ಬನ್ನಿ" ಎಂದು ನಮಗೆ ದಾರಿ ಬಿಟ್ಟರು.

ಕೋಚ್ ಮೇಡಂ ಕೈ ಎತ್ತಿ ನಿಲ್ಲಿಸಿದರು. ಎಲ್ಲ ಮುಗಿಯಿತು, ಇವನು ರಾಜೀನಾಮೆ ಕೊಟ್ಟ ಹಾಗೇ, ಇನ್ನು ಕೊನೆವರೆಗೂ ನನಗೆ ಬಸ್ಸೇ ಗತಿ ಎಂದುಕೊಂಡೆ.

"ಸಾರ್, ನೀವು ಕೋರ್ಸಿಗೆ ರೆಡಿ. ಇಷ್ಟಾದ್ರೂ ಗಾಡಿ ಬೀಳಿಸಲಿಲ್ಲವಲ್ಲ" ಎಂದರು ಮೇಡಂ ನನಗೆ. ಆಮೇಲೆ ಗೆಳೆಯನ ಕಡೆ ತಿರುಗಿದರು. "ಇವರು ರೆಡಿ ಇಲ್ಲ."

ಗೆಳೆಯನಿಗೆ ಮೈಯೆಲ್ಲ ಉರಿದುಹೋಯಿತು. "ಮೇಡಂ, ನನ್ನ ವಯಸ್ಸಿನ ಅರ್ಧದಷ್ಟು ವರ್ಷ ಗಾಡಿ ಓಡಿಸಿದ್ದೀನಿ ನಾನು!"

"ಅದೇ ತೊಂದರೆ ಸಾರ್. ಇನ್ನೂ ಓಡಿಸ್ತಾನೇ ಇದ್ದೀರ."

ಅತ್ತಿಗೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಈ ಎಲ್ಲ ತಿಂಗಳುಗಳಲ್ಲಿ ಆಕೆ ನಕ್ಕಿದ್ದು ಅದೇ ಮೊದಲು. "ಹಿಂದೆ ಕೂರೋದಕ್ಕೂ ನಿಮ್ಮಲ್ಲಿ ಕೋರ್ಸ್ ಇದ್ಯಾ?" ಎಂದು ಕೇಳಿದರು. ಇಲ್ಲ ಎಂದರು ಕೋಚ್ ಮೇಡಂ, ಆದರೆ ಆ ವಿದ್ಯೆಯಲ್ಲಿ ಇಪ್ಪತ್ತು ವರ್ಷ ಪಳಗಿದವರು ಒಬ್ಬರು ಇಲ್ಲೇ ಇದ್ದಾರಲ್ಲ ಎಂದು ನನ್ನ ಕಡೆ ಕೈ ತೋರಿಸಿದರು. ನನ್ನ ಹುದ್ದೆಗೆ ಮೊದಲ ಸಲ ಒಂದು ಮರ್ಯಾದೆ ಸಿಕ್ಕಿತು.

ಅಲ್ಲಿಂದ ಎರಡು ಭಾನುವಾರ, ಅರ್ಧ ಹೊತ್ತು ನಾನು ಮೇಡಂ ಬಳಿ ಶಿಷ್ಯ, ಉಳಿದರ್ಧ ಗೆಳೆಯನಿಗೆ ಗುರು. ಸ್ಟ್ಯಾಂಡ್ ಹಾಕಿದ ಗಾಡಿಯ ಮೇಲೆ ಅವನನ್ನು ಕೂರಿಸಿ ಪಾಠ ಮಾಡಿದೆ. "ಕೈ ಸುಮ್ನಿರ್ಬೇಕು. ಕಾಲು ಸುಮ್ನಿರ್ಬೇಕು. ಬಾಯಿ ಸುಮ್ನಿರ್ಬೇಕು."

"ಬಾಯಿನಾ? ನೀನು ಯಾವತ್ತು ಬಾಯಿ ಮುಚ್ಕೊಂಡು ಕೂತಿದ್ಯೋ?"

"ಅದೆಲ್ಲ ಸರ್ವೀಸ್ ಆದ್ಮೇಲೆ" ಎಂದೆ. "ನೀನಿನ್ನೂ ಈಗ ಸೇರಿದ್ದೀಯ."

೭. ಗೊರಗುಂಟೆಪಾಳ್ಯದಲ್ಲಿ

ದೀಪಾವಳಿ ಮುಗಿಯಿತು. ಅತ್ತಿಗೆ ಕೋಚ್ ಮೇಡಂಗೆ ತಾವೇ ಫೋನು ಮಾಡಿ, ನಾನು ಕೋರ್ಸು ಪಾಸಾಗಿದ್ದು ಸುಳ್ಳಲ್ಲ ಎಂದು ಖಚಿತ ಮಾಡಿಕೊಂಡರು. ಸೋಮವಾರ ಬೆಳಿಗ್ಗೆ ಅವರ ಗೇಟಿನ ಮುಂದೆ ನಾನು ಗಾಡಿಯಲ್ಲಿ ಕೂತು ಒಂದು ಹಾರ್ನ್ ಹೊಡೆದೆ. ಇಷ್ಟು ವರ್ಷ ನನ್ನನ್ನು ಕರೆಯುತ್ತಿದ್ದ ಹಾರ್ನು. ಗೆಳೆಯ ಕಾರ್ಖಾನೆಯ ಯೂನಿಫಾರ್ಮ್ ಹಾಕಿಕೊಂಡು, ಎರಡು ಊಟದ ಬ್ಯಾಗು ಅಪ್ಪಿಕೊಂಡು, ಹೊಸ ಮದುವಣಗಿತ್ತಿಯ ಹಾಗೆ ಜೋಪಾನವಾಗಿ ಹಿಂದೆ ಕೂತ. "ಸಂಜೆ ಇಬ್ರೂ ಇಬ್ಬರಾಗೇ ಬನ್ನಿ" ಎಂದರು ಅತ್ತಿಗೆ.

ಮೇಖ್ರಿ ಸರ್ಕಲ್ ದಾಟಿತು. ಯಶವಂತಪುರ ದಾಟಿತು. ಗೆಳೆಯ ನಾನು ಹೇಳಿಕೊಟ್ಟ ಹಾಗೆ ಕೂತಿದ್ದ. ಕೈ ಸುಮ್ಮನೆ, ಕಾಲು ಸುಮ್ಮನೆ, ಬಾಯಿ ಸುಮ್ಮನೆ. ತಿರುವಿನಲ್ಲಿ ನನ್ನ ಜೊತೆಯೇ ವಾಲುತ್ತಿದ್ದ. ಗೊರಗುಂಟೆಪಾಳ್ಯದ ಸಿಗ್ನಲ್ಲು ಕೆಂಪಾಯಿತು, ಗೆರೆಯ ಹಿಂದೆ ನಿಲ್ಲಿಸಿದೆ. ಹಸಿರಾಯಿತು, ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟೆ. ಗಾಡಿ ಬೆಣ್ಣೆಯ ಹಾಗೆ ಹೊರಟಿತು. ಅಷ್ಟು ಹಗುರವಾಗಿ ಯಾವತ್ತೂ ಹೊರಟಿರಲಿಲ್ಲ. ಕೋರ್ಸು ಮಾಡಿದ್ದು ಸಾರ್ಥಕವಾಯಿತು ಎಂದುಕೊಂಡೆ.

ಮನಸ್ಸು ತುಂಬಿ ಬಂತು. ತಿರುಗದೆ, ದೂರ ನೋಡುತ್ತಲೇ ಮಾತಾಡಿದೆ. "ಲೋ, ಯಾವತ್ತೂ ಹೇಳಿಲ್ಲ ಕಣೋ. ನೀನಿಲ್ದೇ ಆ ಗೇಟೊಳಗೆ ಹೋಗೋಕೆ ನಂಗೆ ಕಾಲೇ ಬರ್ತಿರ್ಲಿಲ್ಲ. ಇಷ್ಟು ವರ್ಷ ಕರ್ಕೊಂಡು ಹೋಗಿದ್ದೀಯ. ಇನ್ನೆರಡು ವರ್ಷ ನಾನು ಕರ್ಕೊಂಡು ಹೋಗ್ತೀನಿ, ಯೋಚನೆ ಮಾಡ್ಬೇಡ."

ಹಿಂದಿನಿಂದ ಉತ್ತರವಿಲ್ಲ. ಪಾಪ, ಬಾಯಿ ಸುಮ್ಮನಿರಬೇಕು ಎಂಬ ಪಾಠವನ್ನು ಇನ್ನೂ ಪಾಲಿಸುತ್ತಿದ್ದಾನೆ ಎಂದುಕೊಂಡೆ. ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಪಕ್ಕಕ್ಕೆ ಬಂದ ಆಟೋದವನು ತಲೆ ಹೊರಗೆ ಹಾಕಿದ.

"ಸಾರ್, ಸಿಗ್ನಲ್ಲಲ್ಲಿ ಬ್ಯಾಗ್ ಹಿಡ್ಕೊಂಡು ಒಬ್ರು ನಿಂತವ್ರಲ್ಲ, ನಿಮ್ ಕಡೆಯೋರಾ?"

ಹಿಂದಕ್ಕೆ ಕೈ ಹಾಕಿ ನೋಡಿದೆ. ಬರೀ ಸೀಟು. ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ, ಹೆಲ್ಮೆಟ್ ಹಾಕಿಕೊಂಡೇ ಬಂದ ದಾರಿಗೆ ಓಡಿದೆ.

ಆಗಿದ್ದು ಇಷ್ಟು. ಸಿಗ್ನಲ್ ಬಿದ್ದ ಕೂಡಲೇ ಎರಡೂ ಕಾಲು ನೆಲಕ್ಕೆ ಊರಿ, ಸೊಂಟ ಒಂದಿಷ್ಟು ಎತ್ತಿ ಆರಾಮಾಗಿ ನಿಲ್ಲುವುದು ಅವನಿಗೆ ಅಷ್ಟು ವರ್ಷದ ರೂಢಿ. ಉದ್ದ ಕಾಲಿನ ಮನುಷ್ಯ, ಹಿಂದಿನ ಸೀಟಿನಿಂದಲೂ ನೆಲ ಎಟುಕಿತು. ಲೇಔಟಿನಲ್ಲಿ ಸಿಗ್ನಲ್ ಇರಲಿಲ್ಲವಾದ್ದರಿಂದ ನಾನು ಆ ಪಾಠ ಮಾಡಿರಲಿಲ್ಲ. ನಾನು ಗಾಡಿ ಎತ್ತಿದಾಗ ಅದು ಅವನ ಕಾಲುಗಳ ನಡುವಿನಿಂದ ನುಸುಳಿಕೊಂಡು ಬಂದುಬಿಟ್ಟಿತ್ತು. ಅವನು ಬ್ಯಾಗು ಅಪ್ಪಿಕೊಂಡು, ಕಾಲು ಅಗಲಿಸಿಕೊಂಡು, ಇಲ್ಲದ ಗಾಡಿಯ ಮೇಲೆ ಹಾಗೇ ನಿಂತಿದ್ದನಂತೆ.

ನಾನು ಹೋಗುವಷ್ಟರಲ್ಲಿ ಟ್ರಾಫಿಕ್ ಪೊಲೀಸಿನವರು ಅವನನ್ನು ಫುಟ್‌ಪಾತಿಗೆ ಕರೆತಂದು ನಿಲ್ಲಿಸಿಕೊಂಡಿದ್ದರು. ಗೆಳೆಯನಿಗೆ ಒಂದು ಗೀರೂ ಬಿದ್ದಿರಲಿಲ್ಲ, ಸಾರೂ ಚೆಲ್ಲಿರಲಿಲ್ಲ. ನನ್ನನ್ನು ನೋಡಿದ್ದೇ ಅವನ ಮೊದಲ ಮಾತು: "ಮನೇಲಿ ಹೇಳ್ಬೇಡ ಕಣೋ. ನಾಳೆಯಿಂದ ಕಾಲು ಎತ್ತೇ ಇಟ್ಕೊಂಡಿರ್ತೀನಿ." ನಾಳೆಯಿಂದ ಎಂದನಲ್ಲ! ಆ ಗಲಾಟೆಯಲ್ಲೂ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಪೊಲೀಸಿನವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಇವರನ್ನ ಬಿಟ್ಟೋದೋರು ನೀವೇನಾ? ಗಾಡಿ ಓಡ್ಸೋಕೆ ಹೊಸಬ್ರಾ?"

ನಾನು ಬಾಯಿ ತೆರೆಯುವ ಮೊದಲೇ ಗೆಳೆಯ ಮುಂದೆ ಬಂದ. "ಇಲ್ಲ ಸಾರ್, ಅವನು ಕೋರ್ಸ್ ಮಾಡಿದ್ದಾನೆ, ಚೆನ್ನಾಗಿ ಓಡಿಸ್ತಾನೆ. ಹೊಸಬ ನಾನು."

"ನೀವಾ? ಎಂಥದಕ್ಕೆ ಹೊಸಬ್ರು?"

"ಹಿಂದೆ ಕೂರೋಕೆ."

ಪೊಲೀಸಿನವರು ಅವನ ನರೆತ ಮೀಸೆ ನೋಡಿದರು, ಅಪ್ಪಿಕೊಂಡ ಬ್ಯಾಗು ನೋಡಿದರು, ಶಿಳ್ಳೆಯನ್ನು ಬಾಯಿಂದ ತೆಗೆದರು.

"ಹಂಗಾದ್ರೆ ನಾಳೆಯಿಂದ ನಿಮ್ಮ ಬೆನ್ನಿಗೊಂದು ‘ಎಲ್’ ಬೋರ್ಡ್ ಕಟ್ಕೊಂಡು ಬನ್ನಿ ಸಾರ್. ಹಿಂದೆ ಬರೋರು ಹುಷಾರಾಗಿರ್ತಾರೆ."